ರೋಮನ್ನರ ನಿತ್ಯದೂಟ ನಮ್ಮ ಒಲೆಯ ಮೇಲೆ: ಮೆಣಸು, ಇಂಗು, ಜವೆ ಗೋಧಿಯ ಅಡುಗೆ

ಪ್ರಾಚೀನ ರೋಮಿನ ಅಡುಗೆಗೆ ಕೈ ಹಾಕುವ ಮುಂಚೆ ನಮ್ಮ ಅಡುಗೆಮನೆಯ ಹಲವು ಡಬ್ಬಿಗಳನ್ನು ಬದಿಗಿಡಬೇಕು. ಒಣಮೆಣಸಿನಕಾಯಿ, ಹಸಿಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಮುಸುಕಿನ ಜೋಳ, ಗೋಡಂಬಿ ಎಲ್ಲವೂ ಅಮೆರಿಕ ಖಂಡದವು. 1492ರ ನಂತರವೇ ಅವು ಯುರೋಪಿಗೂ ನಮಗೂ ಸಿಕ್ಕಿದ್ದು. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆಗಳ ಮೂಲವೂ ಅಲ್ಲೇ. ಹುಣಸೆ, ತೆಂಗು, ಕರಿಬೇವು ರೋಮನ್ನರ ಒಲೆಯ ಹತ್ತಿರ ಸುಳಿದವಲ್ಲ. ಸಕ್ಕರೆಯ ಹೆಸರನ್ನು ಕೇಳಿದ್ದರು, ಆದರೆ ಅದು ಅವರಿಗೆ ಪೂರ್ವದಿಂದ ಬರುತ್ತಿದ್ದ ಔಷಧ. ಸಿಹಿಗೆ ಜೇನು ಮತ್ತು ಬತ್ತಿಸಿದ ದ್ರಾಕ್ಷಿರಸ ಇದ್ದವು.

ಇಷ್ಟೆಲ್ಲ ತೆಗೆದಿಟ್ಟ ಮೇಲೂ ಕಪಾಟಿನಲ್ಲಿ ಉಳಿಯುವುದನ್ನು ನೋಡಿ: ಕಾಳುಮೆಣಸು, ಜೀರಿಗೆ, ಕೊತ್ತಂಬರಿ ಬೀಜ, ಇಂಗು, ಸಾಸಿವೆ, ಬೆಳ್ಳುಳ್ಳಿ, ಈರುಳ್ಳಿ, ಪುದಿನ, ಗಸಗಸೆ, ಎಳ್ಳು, ಜೇನುತುಪ್ಪ, ಮಸೂರ, ಕಡಲೆ. ಇವೆಲ್ಲ ರೋಮನ್ನರ ಅಡುಗೆಯಲ್ಲೂ ಇದ್ದವು. ರೋಮನ್ ಊಟವನ್ನು ಮನೆಯಲ್ಲಿ ಮಾಡಿ ನೋಡಬೇಕೆಂದರೆ ಕನ್ನಡಿಗರ ಅಡುಗೆಮನೆಯಷ್ಟು ಸಿದ್ಧವಾಗಿರುವ ಜಾಗ ಕಡಿಮೆ ಎಂದು ನಾನು ನಂಬುತ್ತೇನೆ. ಅಂಥ ಒಂದು ಊಟವನ್ನು ನಾಲ್ಕು ಜನಕ್ಕೆ ಮಾಡುವ ಬಗೆ ಇಲ್ಲಿದೆ: ಗೋಧಿ ನುಚ್ಚಿನ ಗಂಜಿ, ಬೆಳ್ಳುಳ್ಳಿ ಚೀಸ್ ಚಟ್ನಿ, ಮಸೂರ ಕಾಳಿನ ಪಲ್ಯ, ಎಲೆಕೋಸು, ಜೇನಿನಲ್ಲಿ ಅದ್ದಿದ ಕರಿದ ಉಂಡೆ, ಕುಡಿಯಲು ಒಂದು ಹುಳಿ ಪಾನಕ.

ಯಾರ ಊಟ ಮಾಡುತ್ತಿದ್ದೇವೆ?

ರೋಮನ್ ಊಟ ಎಂದರೆ ಸಿನಿಮಾಗಳು ತೋರಿಸುವ ಚಿತ್ರವೇ ನೆನಪಿಗೆ ಬರುತ್ತದೆ: ಒರಗುಮಂಚದ ಮೇಲೆ ಮಲಗಿದ ಶ್ರೀಮಂತರು, ತಟ್ಟೆಯಲ್ಲಿ ರಾಜಹಂಸ. ರಾಜಹಂಸ ಬೇಯಿಸುವ ವಿಧಾನ ಅಪಿಕಿಯಸ್ ಹೆಸರಿನ ಅಡುಗೆ ಪುಸ್ತಕದಲ್ಲಿ ನಿಜಕ್ಕೂ ಇದೆ. ಕ್ರಿ.ಶ. 4-5ನೇ ಶತಮಾನದ ಹೊತ್ತಿಗೆ ಈಗಿನ ರೂಪಕ್ಕೆ ಬಂದ, ಹತ್ತು ಭಾಗಗಳ ಆ ಸಂಗ್ರಹದಲ್ಲಿ ನಾನೂರಕ್ಕೂ ಹೆಚ್ಚು ಅಡುಗೆಗಳಿವೆ. ಆದರೆ ಅದೇ ಪುಸ್ತಕದಲ್ಲಿ ಕಾಳು, ಸೊಪ್ಪು, ಕೋಸು, ಸೋರೆಕಾಯಿಗೂ ಸಾಕಷ್ಟು ಜಾಗ ಸಿಕ್ಕಿದೆ. ನಮಗೆ ಬೇಕಾದದ್ದು ಆ ಪುಟಗಳು.

ನಗರದ ಹೆಚ್ಚಿನ ಜನ ಇದ್ದದ್ದು ಹಲವು ಮಹಡಿಯ ಬಾಡಿಗೆ ಕಟ್ಟಡಗಳಲ್ಲಿ. ಒಂದೆರಡು ಕೋಣೆ, ಬೆಂಕಿಯ ಭಯ, ಸರಿಯಾದ ಒಲೆಗೆ ಜಾಗವಿಲ್ಲ. ಅವರು ಬೀದಿಬದಿಯ ಅಂಗಡಿಯಲ್ಲಿ ಬಿಸಿ ಊಟ ಕೊಳ್ಳುತ್ತಿದ್ದರು. ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪಾಂಪೇ ಎಂಬ ರೋಮನ್ ಊರಿನಲ್ಲಿ ಇಂಥ ಅಂಗಡಿಗಳು ಹತ್ತಾರು ಸಿಕ್ಕಿವೆ. 2020ರ ಡಿಸೆಂಬರ್‌ನಲ್ಲಿ ಪೂರ್ತಿಯಾಗಿ ಬೆಳಕಿಗೆ ಬಂದ ಒಂದು ಅಂಗಡಿಯ ಕಟ್ಟೆಯಲ್ಲಿ ಹುದುಗಿಸಿದ ಮಡಕೆಗಳೊಳಗೆ ಬಾತುಕೋಳಿ, ಹಂದಿ, ಆಡು, ಮೀನು, ಬಸವನಹುಳುಗಳ ಉಳಿಕೆಗಳಿದ್ದವು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದ ದಿನದ ಅಡುಗೆ ಅದು. ಹಳ್ಳಿಯವರ ಊಟ ಇನ್ನೂ ಸರಳ: ಧಾನ್ಯ, ಕಾಳು, ಸೊಪ್ಪು, ಚೀಸ್, ಆಲಿವ್ ಎಣ್ಣೆ, ಹುಳಿ ದ್ರಾಕ್ಷಾರಸ.

ರುಚಿ ಕಟ್ಟುವ ಕ್ರಮ

ಇದೊಂದನ್ನು ತಿಳಿದುಕೊಂಡರೆ ಉಳಿದದ್ದು ಸುಲಭ. ನಮ್ಮ ಅಡುಗೆಯ ಘಮ ಬಿಸಿ ಎಣ್ಣೆಯಲ್ಲಿ ಹುಟ್ಟುತ್ತದೆ: ಸಾಸಿವೆ ಚಟಪಟ ಎನ್ನಬೇಕು, ಇಂಗು ಅರಳಬೇಕು. ರೋಮನ್ ಅಡುಗೆಯಲ್ಲಿ ಒಗ್ಗರಣೆ ಇಲ್ಲ. ಅಲ್ಲಿ ರುಚಿ ಹುಟ್ಟುವುದು ಒರಳಿನಲ್ಲಿ. ಅಪಿಕಿಯಸ್‌ನ ಅಡುಗೆಗಳು ಮತ್ತೆ ಮತ್ತೆ ಒಂದೇ ಬಗೆಯಲ್ಲಿ ಶುರುವಾಗುತ್ತವೆ: ಮೆಣಸು ಕುಟ್ಟು, ಅದಕ್ಕೆ ಹಸಿ ಸೊಪ್ಪು ಮತ್ತು ಬೀಜ ಹಾಕಿ ಅರೆ, ಮೀನಿನ ಉಪ್ಪುರಸ ಸುರಿ, ಹುಳಿ ಮತ್ತು ಸಿಹಿ ಬೆರೆಸು, ಬೆಂದ ಪದಾರ್ಥಕ್ಕೆ ಕೂಡಿಸು. ಖಾರ, ಉಪ್ಪು, ಹುಳಿ, ಸಿಹಿ ನಾಲ್ಕೂ ಒಟ್ಟಿಗೆ ನಾಲಿಗೆಗೆ ತಾಕಬೇಕು. ಎಣ್ಣೆ ಕೊನೆಗೆ, ಹಸಿಯಾಗಿ. ಹುಳಿಸಿಹಿ ಗೊಜ್ಜು ತಿಂದು ಬೆಳೆದವರಿಗೆ ಈ ಹದ ಬೇಗ ಕೈಗೆ ಬರುತ್ತದೆ.

ಮಿಕ್ಸಿ ಬೇಡ. ಕುಟ್ಟಾಣಿಯೋ ಸಣ್ಣ ಒರಳೋ ಇದ್ದರೆ ತೆಗೆದಿಟ್ಟುಕೊಳ್ಳಿ. ಮೆಣಸು ಒಡೆದು ಸೊಪ್ಪಿನ ರಸಕ್ಕೆ ನೆನೆಯುವ ರೀತಿ ಮಿಕ್ಸಿಯಲ್ಲಿ ಬರುವುದಿಲ್ಲ.

ಸಾಮಾನು ಹೊಂದಿಸಿಕೊಳ್ಳಿ

ಮೆಣಸಿನಿಂದ ಶುರು ಮಾಡೋಣ, ಏಕೆಂದರೆ ಬದಲಿ ಹುಡುಕುವ ಅಗತ್ಯವೇ ಇಲ್ಲದ ಸಾಮಾನು ಇದು. ರೋಮನ್ನರ ಕಾಳುಮೆಣಸು ಪಶ್ಚಿಮಘಟ್ಟದ್ದೇ. ಈಜಿಪ್ಟಿನ ಕೆಂಪು ಸಮುದ್ರದ ಬಂದರುಗಳಿಂದ ಜುಲೈ ಹೊತ್ತಿಗೆ ಹೊರಟ ಹಡಗುಗಳು ಮುಂಗಾರಿನ ಗಾಳಿ ಹಿಡಿದು ಮಲಬಾರ್ ತೀರದ ಮುಜಿರಿಸ್‌ಗೆ ಬರುತ್ತಿದ್ದವು; ಚಳಿಗಾಲದ ಗಾಳಿಯಲ್ಲಿ ಮೆಣಸು ತುಂಬಿಕೊಂಡು ಮರಳುತ್ತಿದ್ದವು. ಕೆಂಪು ಸಮುದ್ರದ ಬೆರೆನಿಕೆ ಬಂದರಿನ ದೇವಾಲಯದಲ್ಲಿ ಭಾರತದಲ್ಲೇ ಮಾಡಿದ ಒಂದು ದೊಡ್ಡ ಹರವಿ ಸಿಕ್ಕಿತು. ಅದರೊಳಗೆ ಸುಮಾರು ಏಳೂವರೆ ಕಿಲೋ ಕರಿಮೆಣಸು ಹಾಗೇ ಇತ್ತು, ಕ್ರಿ.ಶ. ಮೊದಲ ಶತಮಾನದ್ದು. ರೋಮ್ ನಗರದಲ್ಲಿ ಚಕ್ರವರ್ತಿ ಡೊಮಿಷಿಯನ್ ಮೆಣಸು ಮತ್ತು ಮಸಾಲೆಗಳಿಗೆಂದೇ ಉಗ್ರಾಣ ಕಟ್ಟಿಸಿದ್ದ. ಕ್ರಿ.ಶ. 408ರಲ್ಲಿ ನಗರಕ್ಕೆ ಮುತ್ತಿಗೆ ಹಾಕಿದ ಗಾಥರ ದೊರೆ ಅಲಾರಿಕ್ ಕೇಳಿದ ಕಪ್ಪದಲ್ಲಿ ಚಿನ್ನ, ಬೆಳ್ಳಿಯ ಜೊತೆ 3,000 ಪೌಂಡ್ ಮೆಣಸೂ ಇತ್ತು.

ಹೀಗೆಂದ ಮಾತ್ರಕ್ಕೆ ಮೆಣಸು ಅರಮನೆಗೆ ಮಾತ್ರ ಎಟಕುತ್ತಿತ್ತು ಎಂದುಕೊಳ್ಳಬೇಡಿ. ರೋಮನ್ ಲೇಖಕ ಪ್ಲಿನಿ ಕ್ರಿ.ಶ. 77ರ ಸುಮಾರಿಗೆ ಬೆಲೆ ಬರೆದಿಟ್ಟಿದ್ದಾನೆ. ಒಂದು ರೋಮನ್ ಪೌಂಡ್, ಅಂದರೆ ಸುಮಾರು 327 ಗ್ರಾಂ, ಕರಿಮೆಣಸಿಗೆ 4 ದಿನಾರಿಯಸ್ (ರೋಮನ್ ಬೆಳ್ಳಿ ನಾಣ್ಯ), ಬಿಳಿ ಮೆಣಸಿಗೆ 7, ಹಿಪ್ಪಲಿಗೆ 15. ಆಗ ಕಾಲಾಳು ಸೈನಿಕನ ವರ್ಷದ ಸಂಬಳ 225 ದಿನಾರಿಯಸ್. ಲೆಕ್ಕ ಹಾಕಿದರೆ, ಅರ್ಧ ದಿನದ ಸಂಬಳಕ್ಕೆ ಒಂದು ಔನ್ಸ್, ಅಂದರೆ ಸುಮಾರು 27 ಗ್ರಾಂ ಕರಿಮೆಣಸು ಬರುತ್ತಿತ್ತು. ಇಂಗ್ಲೆಂಡಿನ ಉತ್ತರದ ಕೊರೆಯುವ ಚಳಿಯಲ್ಲಿದ್ದ ವಿಂಡೊಲಾಂಡ ಕೋಟೆಯಲ್ಲಿ ಸಿಕ್ಕ ಮರದ ಹಲಗೆಯ ಲೆಕ್ಕಪತ್ರಗಳಲ್ಲೂ ಮೆಣಸು ಕೊಂಡ ದಾಖಲೆ ಇದೆ. ಚಿಟಿಕೆ ಚಿಟಿಕೆಯಾಗಿ ಬಳಸುವ ಸಾಮಾನ್ಯ ಮನುಷ್ಯನಿಗೂ ಅದು ನಿಲುಕುತ್ತಿತ್ತು. ಈ ವ್ಯಾಪಾರದ ಕಾಲದ ರೋಮನ್ ಬೆಳ್ಳಿ ನಾಣ್ಯಗಳು, ಆಗಸ್ಟಸ್ ಮತ್ತು ಟೈಬೀರಿಯಸ್ ಮುದ್ರೆಯವು, ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರ ಕಡೆಯ ಒಳ್ಳೆಯ ಮೆಣಸು 50 ಗ್ರಾಂ ತನ್ನಿ. ಪುಡಿ ಬೇಡ, ಕಾಳೇ ಇರಲಿ. ಹಿಪ್ಪಲಿ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. ನಾಲ್ಕು ಹಿಪ್ಪಲಿ ಸಾಕು. ಅದರ ಖಾರ ನಿಧಾನವಾಗಿ ಏರಿ ತಡವಾಗಿ ಇಳಿಯುತ್ತದೆ, ಸಿಹಿ ಪದಾರ್ಥಕ್ಕೆ ಬಹಳ ಚೆನ್ನ.

ಇಂಗಿನದು ಇನ್ನೊಂದು ಕಥೆ. ರೋಮನ್ನರಿಗೆ ಪ್ರಾಣವಾಗಿದ್ದದ್ದು ಉತ್ತರ ಆಫ್ರಿಕಾದ ಸೈರೀನ್ ಸುತ್ತ ಕಾಡಾಗಿ ಬೆಳೆಯುತ್ತಿದ್ದ ಸಿಲ್ಫಿಯಂ ಗಿಡದ ಅಂಟು. ಅದನ್ನು ಬಿತ್ತಿ ಬೆಳೆಯಲು ಆಗಲಿಲ್ಲ, ಕಿತ್ತು ಕಿತ್ತು ಮುಗಿಸಿದರು. ತನ್ನ ಕಾಲದಲ್ಲಿ ಸಿಕ್ಕಿದ್ದು ಒಂದೇ ಒಂದು ಕಾಂಡ, ಅದನ್ನು ನೀರೋಗೆ ಕಳಿಸಲಾಯಿತು ಎಂದು ಪ್ಲಿನಿ ಬರೆಯುತ್ತಾನೆ. ಆ ಜಾಗಕ್ಕೆ ಪಾರ್ಥಿಯಾ, ಅಂದರೆ ಇಂದಿನ ಇರಾನ್ ಕಡೆಯಿಂದ ಬಂದದ್ದೇ ಇಂಗು. ಅಪಿಕಿಯಸ್‌ನ ಪುಸ್ತಕ ಎರಡನ್ನೂ ಹೆಸರಿಸುತ್ತದೆ, ಹಾಗಾಗಿ ಇಂಗು ಹಾಕಿದರೆ ನಾವು ಮೂಲಕ್ಕೇ ನಿಷ್ಠರಾಗಿದ್ದಂತೆ. ಹಿಟ್ಟು ಬೆರೆತ ಪುಡಿ ಇಂಗಿನ ಬದಲು ಗಟ್ಟಿ ಇಂಗಿನ ಸಣ್ಣ ತುಂಡು ತನ್ನಿ.

ಜವೆ ಗೋಧಿ ಕೂಡ ಹಾಗೆಯೇ. ರೋಮನ್ನರು ಫಾರ್ ಎಂದು ಕರೆಯುತ್ತಿದ್ದ ಸಿಪ್ಪೆಗೋಧಿ ಮತ್ತು ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಹುಗ್ಗಿ ಮಾಡುವ ಜವೆ ಗೋಧಿ ಒಂದೇ ಜಾತಿಯವು. ಅಂಗಡಿಗಳಲ್ಲಿ ಖಪ್ಲಿ ಎಂಬ ಹೆಸರಿನಲ್ಲೂ ಸಿಗುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇದರ ಸುಧಾರಿತ ತಳಿಗಳನ್ನು ಕೊಟ್ಟಿದೆ. ಒಡೆದ ನುಚ್ಚು 300 ಗ್ರಾಂ, ಸಣ್ಣ ರವೆ 125 ಗ್ರಾಂ ಬೇಕು. ಸಿಗದಿದ್ದರೆ ನವಣೆ ಅಥವಾ ಬರಗು ತನ್ನಿ. ಇಟಲಿಯ ಕಂಪಾನಿಯಾ ಸೀಮೆಯವರು ಇಂಥ ಕಿರುಧಾನ್ಯದ ಬಿಳಿ ಗಂಜಿಯನ್ನು ಇಷ್ಟಪಟ್ಟು ಉಣ್ಣುತ್ತಿದ್ದರು.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಆಲಿವ್ ಎಣ್ಣೆ ಅರ್ಧ ಲೀಟರ್. ದ್ರಾಕ್ಷಿಯ ವಿನೆಗರ್, ಇಲ್ಲದಿದ್ದರೆ ಸೇಬಿನ ವಿನೆಗರ್. ರಾಸಾಯನಿಕ ಬಿಳಿ ವಿನೆಗರ್ ಖಂಡಿತ ಬೇಡ, ಅದರ ಕಟು ಹುಳಿ ಎಲ್ಲವನ್ನೂ ನುಂಗುತ್ತದೆ. ಕಲಬೆರಕೆಯಿಲ್ಲದ ಜೇನು. ಫೆಟಾ ಚೀಸ್ 200 ಗ್ರಾಂ. ರೋಮನ್ನರ ಚೀಸ್ ಹೆಚ್ಚಾಗಿ ಕುರಿ, ಮೇಕೆ ಹಾಲಿನದು, ಉಪ್ಪಾದದ್ದು. ತಾಜಾ ಪನೀರ್ 250 ಗ್ರಾಂ, ಕಪ್ಪು ದ್ರಾಕ್ಷಿ ಒಂದೂವರೆ ಕಿಲೋ, ಇಡೀ ಮಸೂರ ಒಂದು ಪಾವು, ಎಲೆಕೋಸು, ಹಸಿ ಈರುಳ್ಳಿ, ಪುದಿನ, ಕೊತ್ತಂಬರಿ ಸೊಪ್ಪು, ಪಾರ್ಸ್ಲಿ, ಸೆಲೆರಿ. ಸೆಲೆರಿಯ ಎಲೆ ರೋಮನ್ನರ ಅಚ್ಚುಮೆಚ್ಚಿನ ಲವೇಜ್ ಸೊಪ್ಪಿಗೆ ಬದಲಿ. ಅವರು ಧಾರಾಳವಾಗಿ ಬಳಸುತ್ತಿದ್ದ ನಾಗದಾಳಿ ಸೊಪ್ಪನ್ನು ನಾನು ಬಿಟ್ಟಿದ್ದೇನೆ. ಗರ್ಭಿಣಿಯರಿಗೆ ಅದು ಅಪಾಯಕಾರಿ, ಹೊಟ್ಟೆಗೂ ಒರಟು.

ಹಿಂದಿನ ದಿನದ ಕೆಲಸ

ಮೊದಲು ಬತ್ತಿಸಿದ ದ್ರಾಕ್ಷಿರಸ. ಬೆಂಗಳೂರು ನೀಲಿ ದ್ರಾಕ್ಷಿಗಿಂತ ವಿಜಯಪುರ ಕಡೆಯ ಬೀಜವಿಲ್ಲದ ದ್ರಾಕ್ಷಿ ಇದಕ್ಕೆ ಹೊಂದುತ್ತದೆ. ಬೆಂಗಳೂರು ನೀಲಿಯಲ್ಲಿ ಅಮೆರಿಕದ ದ್ರಾಕ್ಷಿಯ ಅಂಶವಿದ್ದು ಅದರ ವಿಶಿಷ್ಟ ವಾಸನೆ ಕುದಿಸಿದಷ್ಟೂ ಎದ್ದು ಬರುತ್ತದೆ. ಹಣ್ಣು ತೊಳೆದು ಕೈಯಲ್ಲೇ ಹಿಸುಕಿ, ಬಟ್ಟೆಯಲ್ಲಿ ಸೋಸಿ. ಸುಮಾರು ಒಂದು ಲೀಟರ್ ರಸ ಬರುತ್ತದೆ. ಅಗಲ ಬಾಯಿಯ ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಕುದಿಸುತ್ತ, ನೊರೆ ತೆಗೆಯುತ್ತ, ಮೂರನೇ ಒಂದು ಭಾಗಕ್ಕೆ ಇಳಿಸಿ. ಒಂದು ಗಂಟೆಯ ಮೇಲೆ ಬೇಕು. ಸೌಟಿನ ಬೆನ್ನಿಗೆ ತೆಳುವಾಗಿ ಅಂಟಿದರೆ ಆಯಿತು. ರೋಮನ್ ಕೃಷಿ ಗ್ರಂಥಕಾರರು ಇದಕ್ಕೆ ಸೀಸದ ಪಾತ್ರೆಯೇ ಒಳ್ಳೆಯದೆಂದು ಹೇಳಿದ್ದರು. ಹುಳಿ ರಸಕ್ಕೆ ಸೀಸ ಕರಗಿ ಇಳಿಯುತ್ತದೆ, ಅದು ವಿಷ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಗಳನ್ನೂ ಬಳಸಬೇಡಿ.

ಎರಡನೆಯದು ಮೀನಿನ ಉಪ್ಪುರಸ, ಗಾರುಮ್. ಮೀನು ಮತ್ತು ಅದರ ಕರುಳನ್ನು ಉಪ್ಪಿನಲ್ಲಿ ಬೆರೆಸಿ ಬಿಸಿಲಿಗೆ ತಿಂಗಳುಗಟ್ಟಲೆ ಇಟ್ಟು, ಕರಗಿ ಬಂದ ತಿಳಿಯನ್ನು ಸೋಸಿ ಮಾಡುತ್ತಿದ್ದರು. ಪಾಂಪೇಯ ಔಲುಸ್ ಉಂಬ್ರಿಕಿಯಸ್ ಸ್ಕೌರಸ್ ಎಂಬ ವ್ಯಾಪಾರಿ ಇದರಿಂದಲೇ ದೊಡ್ಡ ಹಣವಂತನಾದ. ತನ್ನ ಮನೆಯ ನೆಲದಲ್ಲಿ ಗಾರುಮ್ ಜಾಡಿಗಳ ಚಿತ್ರವನ್ನೇ ಕಲ್ಲುಹರಳಿನಲ್ಲಿ ಬಿಡಿಸಿಸಿಕೊಂಡಿದ್ದ. ಮನೆಯಲ್ಲಿ ಬಿಸಿಲಿಗಿಟ್ಟು ಹುಳಿಸುವ ಸಾಹಸ ಮಾಡಬೇಡಿ, ಉಪ್ಪಿನ ಪ್ರಮಾಣ ತಪ್ಪಿದರೆ ಕೆಡುತ್ತದೆ. ಥಾಯ್ ಅಥವಾ ವಿಯೆಟ್ನಾಂ ಫಿಶ್ ಸಾಸ್ ಬಾಟಲಿ ಸಾಕು. ಮೀನು ಮತ್ತು ಉಪ್ಪು ಬಿಟ್ಟು ಬೇರೇನೂ ಹೆಚ್ಚಾಗಿ ಇಲ್ಲದ್ದನ್ನು ಆರಿಸಿ.

ಕರಾವಳಿಯವರಿಗೆ ಇನ್ನೊಂದು ದಾರಿಯಿದೆ. ಅವಸರದ ಗಾರುಮ್ ಮಾಡುವ ವಿಧಾನವನ್ನೂ ಹಳೆಯ ಗ್ರೀಕ್ ಕೃಷಿ ಸಂಗ್ರಹವೊಂದು ಹೇಳುತ್ತದೆ:

1. ಮುಕ್ಕಾಲು ಲೀಟರ್ ನೀರಿಗೆ ಕಲ್ಲುಪ್ಪು ಕರಗಿಸುತ್ತ ಹೋಗಿ. ಹಸಿ ಮೊಟ್ಟೆ ಬಿಟ್ಟರೆ ತೇಲಬೇಕು. ಮುಳುಗಿದರೆ ಇನ್ನೂ ಉಪ್ಪು ಬೇಕು.
2. ಅರ್ಧ ಕಿಲೋ ಬೂತಾಯಿ ಅಥವಾ ಕೊಳತರು ಮೀನನ್ನು ಇಡಿಯಾಗಿ ಹಾಕಿ, ಒಂದು ಚಮಚ ಒಣ ಒರೆಗಾನೊ ಸೇರಿಸಿ.
3. ಮೀನು ಪೂರ್ತಿ ಕರಗಿ ರಸ ಅರ್ಧಕ್ಕೆ ಇಳಿಯುವವರೆಗೆ ಕುದಿಸಿ. ಕಿಟಕಿ ತೆರೆದಿರಲಿ.
4. ತಣಿದ ಮೇಲೆ ಮಲ್ಲು ಬಟ್ಟೆಯಲ್ಲಿ ಎರಡು ಮೂರು ಸಲ, ತಿಳಿಯಾಗುವವರೆಗೆ ಸೋಸಿ. ಫ್ರಿಜ್‌ನಲ್ಲಿಟ್ಟು ಒಂದು ವಾರದೊಳಗೆ ಬಳಸಿ.

ಸಸ್ಯಾಹಾರಿಗಳು ಮೀನಿನ ಬದಲು ಬರಿಯ ಉಪ್ಪುನೀರನ್ನೇ ಬಳಸಬಹುದು. ಅದೂ ರೋಮನ್ನರ ಅಡುಗೆಮನೆಯಲ್ಲಿದ್ದದ್ದೇ. ಅರ್ಧ ಲೋಟ ಉಪ್ಪುನೀರಿಗೆ ಎರಡು ಹಸಿರು ಆಲಿವ್ ಕಾಯಿ ಜಜ್ಜಿ ಹಾಕಿಟ್ಟರೆ ಬರಿ ಉಪ್ಪಿಗಿಂತ ಆಳವಾದ ರುಚಿ ಬರುತ್ತದೆ.

ಮೂರನೆಯದು ಇಂಗಿನ ಡಬ್ಬಿ, ಇದನ್ನು ಸಾಧ್ಯವಾದರೆ ಇನ್ನೂ ಮುಂಚೆಯೇ ಮಾಡಿಡಿ. ದುಬಾರಿ ಇಂಗು ಬೇಗ ಖರ್ಚಾಗದಿರಲು ಅಪಿಕಿಯಸ್ ಪುಸ್ತಕ ಒಂದು ಉಪಾಯ ಹೇಳುತ್ತದೆ: ಗಾಜಿನ ಪಾತ್ರೆಯಲ್ಲಿ ಇಂಗಿನ ಜೊತೆ ಇಪ್ಪತ್ತರಷ್ಟು ಪೈನ್ ಬೀಜ ಹಾಕಿಡು; ಬೇಕಾದಾಗ ಬೀಜ ತೆಗೆದು ಅರೆದು ಹಾಕು, ತೆಗೆದಷ್ಟೇ ಹೊಸ ಬೀಜ ತುಂಬು. ಒಣಹಣ್ಣಿನ ಅಂಗಡಿಯಲ್ಲಿ ಸಿಗುವ ಚಿಲ್‌ಗೋಜಾ ಇದೇ ಬಗೆಯ ಬೀಜ. ಬೆಲೆ ಹೆಚ್ಚೆನಿಸಿದರೆ ಸಿಪ್ಪೆ ತೆಗೆದು ಒಣಗಿಸಿದ ಬಾದಾಮಿ ಚೂರು ಹಾಕಿ. ಬಿಗಿ ಮುಚ್ಚಳದ ಸಣ್ಣ ಗಾಜಿನ ಡಬ್ಬಿಯಲ್ಲಿ ಬೆರಳ ತುದಿಯಷ್ಟು ಇಂಗು, ಇಪ್ಪತ್ತು ಬೀಜ. ಎರಡು ವಾರ ಕಳೆದರೆ ಬಹಳ ಒಳ್ಳೆಯದು, ಎರಡು ದಿನಕ್ಕೂ ಘಮ ಹಿಡಿದಿರುತ್ತದೆ. ಈ ಉಪಾಯ ನನಗೆ ಅಪಾರ ಮೆಚ್ಚುಗೆ. ಇಂಗಿನ ಕಟುತನ ಮೆದುವಾಗಿ, ಬೀಜದ ಎಣ್ಣೆಯ ಜೊತೆ ದುಂಡಗಿನ ರುಚಿಯಾಗಿ ಬರುತ್ತದೆ. ಚಿತ್ರಾನ್ನಕ್ಕೂ ಹಾಕಿ ನೋಡಿ.

ಇಷ್ಟು ಮುಗಿದರೆ ರಾತ್ರಿ 300 ಗ್ರಾಂ ನುಚ್ಚು ನೆನೆಯಲು ಹಾಕಿ ಮಲಗಿ.

ಗಂಜಿ (ಪುಲ್ಸ್)

ರೊಟ್ಟಿ ಬ್ರೆಡ್ಡುಗಳಿಗಿಂತ ಮುಂಚೆ ರೋಮನ್ನರು ಬಹುಕಾಲ ಬದುಕಿದ್ದೇ ಈ ಗಂಜಿಯ ಮೇಲೆ ಎಂದು ಪ್ಲಿನಿ ಹೇಳುತ್ತಾನೆ. ನೆನೆದ ನುಚ್ಚಿಗೆ ಒಂದೂವರೆ ಲೀಟರ್ ನೀರು, ಒಂದು ಚಮಚ ಉಪ್ಪು ಹಾಕಿ, ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ನಲವತ್ತು ನಿಮಿಷ ಬೇಯಿಸಿ. ಆಗಾಗ ತಿರುವುತ್ತಿರಿ, ತಳ ಹಿಡಿಯಲು ಕಾದು ಕೂತಿರುತ್ತದೆ. ಕಾಳು ಬಾಯಲ್ಲಿ ಸಿಗಬೇಕು, ಒಟ್ಟಿನಲ್ಲಿ ಹುಗ್ಗಿಯ ಹದವಿರಬೇಕು. ಬೆಂದ ಕಡಲೆ ಒಂದು ಹಿಡಿ, ಹೆಚ್ಚಿದ ಹಸಿ ಈರುಳ್ಳಿ ಒಂದು ಹಿಡಿ ಸೇರಿಸಿ ಐದು ನಿಮಿಷ ಬಿಡಿ. ಇಳಿಸಿ ಮೂರು ಚಮಚ ಆಲಿವ್ ಎಣ್ಣೆ ಸುರಿಯಿರಿ. ಮೆಣಸು ಇದಕ್ಕೆ ಬೇಡ. ಪಕ್ಕದ ಚಟ್ನಿಗೆ ಇದು ಸಪ್ಪೆಯಾಗಿ ಇರಬೇಕಾದದ್ದು.

ಸಿಹಿ ಇಷ್ಟಪಡುವವರಿಗೆ ಕ್ರಿ.ಪೂ. 160ರ ಸುಮಾರಿನ ರೋಮನ್ ಲೇಖಕ ಕೇಟೊನ ಕೃಷಿ ಗ್ರಂಥದಲ್ಲಿ ಇನ್ನೊಂದು ಗಂಜಿಯ ಅಳತೆ ಇದೆ: ನೆನೆಸಿದ ನುಚ್ಚು ಒಂದು ಪೌಂಡ್, ತಾಜಾ ಚೀಸ್ ಮೂರು ಪೌಂಡ್, ಜೇನು ಅರ್ಧ ಪೌಂಡ್, ಮೊಟ್ಟೆ ಒಂದು. ಎಲ್ಲ ಕಲಸಿ ಹೊಸ ಮಡಕೆಯಲ್ಲಿ ಬೇಯಿಸುವುದು. ಹಬ್ಬದ ಗಂಜಿ ಅದು, ಹೊಟ್ಟೆಗೆ ಭಾರ.

ಬೆಳ್ಳುಳ್ಳಿ ಚೀಸ್ ಚಟ್ನಿ (ಮೊರೇಟುಮ್)

ಲ್ಯಾಟಿನ್ನಿನಲ್ಲಿ ಈ ಚಟ್ನಿಯ ಹೆಸರಿನದೇ ಒಂದು ಪುಟ್ಟ ಕಾವ್ಯವಿದೆ. ಬಡ ರೈತ ಸಿಮುಲಸ್ ಚಳಿಗಾಲದ ನಸುಕಿನಲ್ಲಿ ಎದ್ದು, ಕೆದಕಿ ಬೆಂಕಿ ಹೊತ್ತಿಸಿ, ಬೀಸುಕಲ್ಲಿನಲ್ಲಿ ಹಿಟ್ಟು ಬೀಸಿ ರೊಟ್ಟಿ ಸುಡುತ್ತಾನೆ. ಹಿತ್ತಲಿನಿಂದ ಬೆಳ್ಳುಳ್ಳಿ, ಸೊಪ್ಪು ಕಿತ್ತು ತಂದು ಒರಳಿಗೆ ಹಾಕುತ್ತಾನೆ. ಬೆಳ್ಳುಳ್ಳಿಯ ಘಾಟಿಗೆ ಕಣ್ಣಲ್ಲಿ ನೀರು. ಅಂಗೈ ಹಿಂಬದಿಯಿಂದ ಒರೆಸಿಕೊಂಡು ಕುಟ್ಟುತ್ತಾನೆ. ಒಂದೊಂದು ಬಣ್ಣವೂ ತನ್ನ ಗುಣ ಕಳೆದುಕೊಂಡು ಎಲ್ಲ ಸೇರಿ ಒಂದೇ ಬಣ್ಣವಾಗುತ್ತದೆ. ಕೊನೆಗೆ ಅದನ್ನು ಉಂಡೆ ಕಟ್ಟಿ, ರೊಟ್ಟಿಯ ಜೊತೆ ತಿಂದು ನೇಗಿಲು ಹೂಡಲು ಹೋಗುತ್ತಾನೆ. ರೋಮನ್ ಬಡವರ ಅಡುಗೆಮನೆಯನ್ನು ಇಷ್ಟು ಹತ್ತಿರದಿಂದ ತೋರಿಸುವ ಬರಹ ಇನ್ನೊಂದು ನನಗೆ ಗೊತ್ತಿಲ್ಲ. ನಾವು ಅವನ ಹಿಂದೆಯೇ ಹೋಗೋಣ.

1. ಆರು ಎಸಳು ಬೆಳ್ಳುಳ್ಳಿ ಸುಲಿದು ಅರ್ಧ ಚಮಚ ಕಲ್ಲುಪ್ಪಿನೊಡನೆ ಒರಳಿಗೆ ಹಾಕಿ ನುಣ್ಣಗೆ ಕುಟ್ಟಿ. (ಸಿಮುಲಸ್ ನಾಲ್ಕು ಇಡೀ ಗಡ್ಡೆ ಹಾಕುತ್ತಾನೆ. ನಮಗೆ ಇಷ್ಟು ಸಾಕು.)
2. ಒಂದು ಚಮಚ ಕೊತ್ತಂಬರಿ ಬೀಜವನ್ನು ಹುರಿಯದೆ ಹಾಕಿ ಕುಟ್ಟಿ.
3. 200 ಗ್ರಾಂ ಫೆಟಾ ಪುಡಿಮಾಡಿ ಸೇರಿಸಿ. ಫೆಟಾ ಸಿಗದಿದ್ದರೆ ಪನೀರಿಗೆ ಉಪ್ಪು ಸವರಿ, ಭಾರ ಹೇರಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು ಬಳಸಿ.
4. ಪಾರ್ಸ್ಲಿ, ಸೆಲೆರಿ ಎಲೆ, ಕೊತ್ತಂಬರಿ ಸೊಪ್ಪು ತಲಾ ಒಂದು ಸಣ್ಣ ಹಿಡಿ ಹೆಚ್ಚಿ ಹಾಕಿ, ಹಸಿರು ಬಿಳಿ ಬೆರೆತು ತಿಳಿಹಸಿರಾಗುವವರೆಗೆ ಅರೆಯಿರಿ.
5. ಆಲಿವ್ ಎಣ್ಣೆಯನ್ನು ತೊಟ್ಟು ತೊಟ್ಟಾಗಿ ಎರಡು ಚಮಚ, ವಿನೆಗರ್ ಒಂದು ಸಣ್ಣ ಚಮಚ ಕಲಸಿ, ಎರಡು ಬೆರಳಲ್ಲಿ ಒರಳಿನ ಅಂಚು ಬಳಿದು ಉಂಡೆ ಕಟ್ಟಿ.

ಅರ್ಧ ಗಂಟೆ ಬಿಟ್ಟರೆ ಬೆಳ್ಳುಳ್ಳಿಯ ಘಾಟು ಚೀಸಿನೊಳಗೆ ಇಳಿಯುತ್ತದೆ. ಇದನ್ನು ಗಂಜಿಯ ಮೇಲೂ ಹಾಕಿಕೊಳ್ಳಬಹುದು, ಬ್ರೆಡ್ಡಿಗೂ ಹಚ್ಚಬಹುದು. ಪಾಂಪೇಯ ಒಂದು ಬೇಕರಿಯ ಒಲೆಯಲ್ಲಿ 81 ಬ್ರೆಡ್ಡುಗಳು ಸುಟ್ಟ ಇದ್ದಿಲಾಗಿ ಸಿಕ್ಕಿವೆ. ದುಂಡಗೆ, ಎಂಟು ಭಾಗ ಮುರಿಯಲು ಗುರುತು ಹಾಕಿದಂಥವು. ಮನೆಯಲ್ಲಿ ಬೇಯಿಸುವ ಒಲೆ ಇಲ್ಲದಿದ್ದರೆ ಇಡೀ ಗೋಧಿಯ ಒರಟು ಬ್ರೆಡ್ ಕೊಂಡು ತನ್ನಿ.

ಮಸೂರ

ಊಟದ ನಡುಮಧ್ಯದ ಪದಾರ್ಥ ಇದು. ರೋಮನ್ ರುಚಿ ಎಂದರೇನು ಎಂದು ನಾಲಿಗೆಗೆ ಸ್ಪಷ್ಟವಾಗುವುದು ಇಲ್ಲಿಯೇ. ಅಪಿಕಿಯಸ್‌ನಲ್ಲಿ ಮಸೂರಕ್ಕೆ ಹಲವು ವಿಧಾನಗಳಿವೆ. ಹಸಿ ಈರುಳ್ಳಿ ಜಾತಿಯ ಲೀಕ್ ಮತ್ತು ಕೊತ್ತಂಬರಿ ಸೊಪ್ಪು ಹಾಕುವ ವಿಧಾನವನ್ನು ಆರಿಸಿಕೊಂಡಿದ್ದೇನೆ, ಮೆಣಸು ಜೀರಿಗೆಯನ್ನು ಚೆಸ್ಟ್‌ನಟ್ ಹಾಕುವ ಇನ್ನೊಂದು ವಿಧಾನದಿಂದ ತಂದಿದ್ದೇನೆ.

ಸಿಪ್ಪೆಯಿರುವ ಇಡೀ ಮಸೂರ (ಹಳೇ ಮೈಸೂರು ಕಡೆ ಚನ್ನಂಗಿ) ಒಂದು ಪಾವನ್ನು ತೊಳೆದು, ತೆರೆದ ಪಾತ್ರೆಯಲ್ಲಿ ನೊರೆ ತೆಗೆಯುತ್ತ ಬೇಯಿಸಿ. ಕುಕ್ಕರ್ ಬೇಡ, ಕಾಳು ಒಡೆದು ಸಾರಾಗುತ್ತದೆ. ಮುಕ್ಕಾಲು ಬೆಂದಾಗ ಎರಡು ಹಿಡಿ ಹಸಿ ಈರುಳ್ಳಿ ಹೆಚ್ಚಿ ಹಾಕಿ.

ಅದು ಬೇಯುತ್ತಿರುವಾಗ ಒರಳಿಗೆ ಬನ್ನಿ. ಹನ್ನೆರಡು ಕಾಳುಮೆಣಸು, ಒಂದು ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ ಹಸಿಯಾಗಿಯೇ ಕುಟ್ಟಿ. ಡಬ್ಬಿಯಿಂದ ನಾಲ್ಕು ಇಂಗಿನ ಬೀಜ ತೆಗೆದು ಸೇರಿಸಿ. ಡಬ್ಬಿ ಮಾಡಿಲ್ಲದಿದ್ದರೆ ಕಡಲೆ ಕಾಳಿನ ಕಾಲುಭಾಗದಷ್ಟು ಗಟ್ಟಿ ಇಂಗನ್ನು ಎರಡು ಚಮಚ ಬೆಚ್ಚಗಿನ ನೀರಿನಲ್ಲಿ ಕರಗಿಸಿ ಹಾಕಿ. ಅಪಿಕಿಯಸ್ ಹೇಳುವ ಕ್ರಮವೂ ಅದೇ: ಬೆಚ್ಚಗಿನ ನೀರು, ವಿನೆಗರ್, ಗಾರುಮ್. ಕೈ ತಾನಾಗಿ ಎಣ್ಣೆಯ ಸೌಟಿನ ಕಡೆ ಹೋಗುತ್ತದೆ, ತಡೆಯಿರಿ. ಹತ್ತು ಪುದಿನ ಎಲೆ ಹಾಕಿ ಅರೆದು, ಒಂದೂವರೆ ದೊಡ್ಡ ಚಮಚ ವಿನೆಗರ್, ಒಂದು ದೊಡ್ಡ ಚಮಚ ಜೇನು, ಎರಡು ದೊಡ್ಡ ಚಮಚ ಬತ್ತಿಸಿದ ದ್ರಾಕ್ಷಿರಸ, ಒಂದು ದೊಡ್ಡ ಚಮಚ ಗಾರುಮ್ ಅಥವಾ ಉಪ್ಪುನೀರು ಬೆರೆಸಿ.

ಬೆಂದ ಕಾಳಿಗೆ ಇದನ್ನು ಸುರಿದು ಐದೇ ನಿಮಿಷ ಕುದಿಸಿ. ಈಗ ರುಚಿ ನೋಡಿ. ಗಾರುಮ್‌ನಲ್ಲೇ ಬೇಕಾದಷ್ಟು ಉಪ್ಪಿರುತ್ತದೆ, ಹಾಗಾಗಿ ಉಪ್ಪನ್ನು ಕೊನೆಯಲ್ಲಿ ಮಾತ್ರ ಯೋಚಿಸಿ. ಹುಳಿ ಮುಂದಿದ್ದರೆ ಅರ್ಧ ಚಮಚ ಜೇನು, ಸಿಹಿ ಮುಂದಿದ್ದರೆ ನಾಲ್ಕು ಹನಿ ವಿನೆಗರ್. ಇಳಿಸಿ ಕೊತ್ತಂಬರಿ ಸೊಪ್ಪು ಉದುರಿಸಿ, ಆಲಿವ್ ಎಣ್ಣೆ ಮೇಲೆ ಹಾಕಿ. ಬಿಸಿಯಾಗಿದ್ದಾಗ ಪುದಿನ ಮುಂದೆ ಬರುತ್ತದೆ, ಉಗುರುಬೆಚ್ಚಗಾದಾಗ ದ್ರಾಕ್ಷಿಯ ಆಳ ತಿಳಿಯುತ್ತದೆ. ಉಗುರುಬೆಚ್ಚಗೆ ಬಡಿಸುವುದೇ ಮೇಲು.

ಎಲೆಕೋಸು

ಕೇಟೊಗೆ ಎಲೆಕೋಸಿನ ಮೇಲೆ ಅಪಾರ ನಂಬಿಕೆ. ಅದನ್ನು ಎಲ್ಲ ತರಕಾರಿಗಿಂತ ಮೇಲೆ ಇಡುತ್ತಾನೆ. ದೊಡ್ಡ ಹೋಳುಗಳಾಗಿ ಕತ್ತರಿಸಿ, ಉಪ್ಪು ಹಾಕಿದ ಕುದಿನೀರಿನಲ್ಲಿ ನಾಲ್ಕು ನಿಮಿಷ ಬೇಯಿಸಿ ಬಸಿಯಿರಿ. ಕುಟ್ಟಿದ ಜೀರಿಗೆ, ಉಪ್ಪು, ಎಣ್ಣೆ, ಒಂದು ಚಮಚ ವಿನೆಗರ್ ಹಾಕಿ ಕೈಯಾಡಿಸಿ. ಅಪಿಕಿಯಸ್ ಹಳೆಯ ದ್ರಾಕ್ಷಾರಸ ಹೇಳುತ್ತಾನೆ, ವಿನೆಗರ್ ಸಾಲುತ್ತದೆ.

ಜೇನುಂಡೆ (ಗ್ಲೋಬಿ)

ಕೇಟೊನ ಗ್ರಂಥದ ಈ ಸಿಹಿಯನ್ನು ನಮ್ಮವರು ಯಾರೂ ಬೇಡವೆನ್ನುವುದಿಲ್ಲ. 125 ಗ್ರಾಂ ಜವೆ ಗೋಧಿ ರವೆಯನ್ನು ಮುಳುಗುವಷ್ಟು ನೀರಿನಲ್ಲಿ ಒಂದು ಗಂಟೆ ನೆನೆಸಿ ಚೆನ್ನಾಗಿ ಹಿಂಡಿ. 250 ಗ್ರಾಂ ತಾಜಾ ಪನೀರನ್ನು ಅಂಗೈಯಿಂದ ತಿಕ್ಕಿ ನಯಮಾಡಿ, ರವೆ ಬೆರೆಸಿ ನಾದಿ ಅರ್ಧ ಗಂಟೆ ಮುಚ್ಚಿಡಿ. ನಿಂಬೆಗಾತ್ರಕ್ಕಿಂತ ಚಿಕ್ಕ ಉಂಡೆ ಕಟ್ಟಿ. ಬಿರುಕು ಇದ್ದರೆ ಎಣ್ಣೆಯಲ್ಲಿ ಒಡೆಯುತ್ತದೆ. ಕೈ ಒದ್ದೆ ಮಾಡಿಕೊಂಡು ನುಣುಪಾಗಿಸಿ.

ಮೂಲದಲ್ಲಿ ಕೊಬ್ಬಿನಲ್ಲಿ ಕರಿಯುತ್ತಾರೆ, ನಾವು ಕರಿಯಲು ಬರುವ ತಿಳಿ ಆಲಿವ್ ಎಣ್ಣೆ ಬಳಸೋಣ. ಒಂದೊಂದು ಅಥವಾ ಎರಡೆರಡೇ ಹಾಕು, ಎರಡು ಕೋಲುಗಳಿಂದ ಬಿಡದೆ ಹೊರಳಿಸು ಎನ್ನುತ್ತಾನೆ ಕೇಟೊ. ಆ ಮಾತು ಕೇಳಿದರೆ ಲಾಭವಿದೆ: ಸಣ್ಣ ಬಾಣಲೆ, ಸ್ವಲ್ಪ ಎಣ್ಣೆ ಸಾಕಾಗುತ್ತದೆ, ಉಂಡೆ ಎಲ್ಲ ಕಡೆ ಒಂದೇ ಸಮ ಕೆಂಪಗಾಗುತ್ತದೆ. ಉರಿ ಮಧ್ಯಮವಾಗಿರಲಿ. ತೆಗೆದು ಬಿಸಿಯಿರುವಾಗಲೇ ಬೆಚ್ಚಗಿನ ಜೇನಿನಲ್ಲಿ ಹೊರಳಿಸಿ, ಗಸಗಸೆ ಉದುರಿಸಿ. ಮೇಲೆ ಒಂದು ಚಿಟಿಕೆ ಹಿಪ್ಪಲಿ ಪುಡಿ ಹಾಕುವುದು ಕೇಟೊನಲ್ಲಿಲ್ಲ, ನನ್ನ ಆಸೆ. ಯುಎಇ, ಸೌದಿ ಅರೇಬಿಯಾಗಳಲ್ಲಿ ಗಸಗಸೆ ನಿಷಿದ್ಧ. ಅಲ್ಲಿರುವವರು ಹುರಿದ ಬಿಳಿ ಎಳ್ಳು ಬಳಸಿ, ಊರಿನಿಂದ ಗಸಗಸೆ ತರಿಸಿಕೊಳ್ಳಬೇಡಿ. ಒಂದು ವರ್ಷದೊಳಗಿನ ಮಕ್ಕಳಿಗೆ ಜೇನು ಹಾಕಿದ ಯಾವುದನ್ನೂ ಕೊಡಬಾರದು.

ಬಡಿಸುವುದು, ಉಳಿದದ್ದು

ಕುಡಿಯಲು ಪೋಸ್ಕ ಮಾಡಿ. ಸೈನಿಕರೂ ಕೂಲಿಯವರೂ ಕುಡಿಯುತ್ತಿದ್ದ ವಿನೆಗರ್ ನೀರು ಅದು. ಒಂದು ದೊಡ್ಡ ಲೋಟ ತಣ್ಣೀರಿಗೆ ಒಂದು ದೊಡ್ಡ ಚಮಚ ದ್ರಾಕ್ಷಿ ವಿನೆಗರ್, ಒಂದು ಚಮಚ ಜೇನು, ಜಜ್ಜಿದ ಕೊತ್ತಂಬರಿ ಬೀಜ ಒಂದು ಚಿಟಿಕೆ. ಜೇನೂ ಬೀಜವೂ ಇಂದಿನವರ ನಾಲಿಗೆಗಾಗಿ ಸೇರಿಸಿದ್ದು. ನಮ್ಮ ಬೇಸಿಗೆಗೆ ಹೇಳಿ ಮಾಡಿಸಿದಂತಿದೆ.

ಸಂಜೆಯ ಕೆಲಸದ ಕ್ರಮ ಹೀಗಿಟ್ಟುಕೊಂಡರೆ ಎರಡು ಗಂಟೆಯಲ್ಲಿ ಮುಗಿಯುತ್ತದೆ: ರವೆ ನೆನೆಹಾಕಿ, ಗಂಜಿ ಒಲೆಗೇರಿಸಿ, ಮಸೂರ ಇನ್ನೊಂದು ಒಲೆಗೆ, ಆ ಹೊತ್ತಿನಲ್ಲಿ ಚಟ್ನಿ ಕುಟ್ಟಿ, ಅದೇ ಒರಳನ್ನು ತೊಳೆಯದೆ ಮಸೂರದ ಮಸಾಲೆ ಅರೆಯಿರಿ. ಗಂಜಿ ಇಳಿದ ಒಲೆಯಲ್ಲಿ ಕೋಸು. ಉಂಡೆ ಮಾತ್ರ ಎಲ್ಲರೂ ಕೂತ ಮೇಲೆ ಕರಿಯಿರಿ. ಫೋರ್ಕ್ ಇಡಬೇಡಿ, ಕೈಯಲ್ಲೇ ತಿನ್ನಿ. ಗಂಜಿಗೆ ಚಮಚ ಇರಲಿ, ಅದು ಅವರಲ್ಲೂ ಇತ್ತು.

ಮೊರೇಟುಮ್ ಫ್ರಿಜ್‌ನಲ್ಲಿ ಮೂರು ದಿನ ಇರುತ್ತದೆ, ಎರಡನೇ ದಿನ ಇನ್ನೂ ಚೆನ್ನ. ಮಸೂರ ಮರುದಿನ ಗಟ್ಟಿಯಾಗುತ್ತದೆ. ಬಿಸಿನೀರು ಬೆರೆಸಿ ಸಡಿಲಿಸಿ, ಹೊಸದಾಗಿ ಎರಡು ಹನಿ ವಿನೆಗರ್ ಹಾಕಿ. ಬತ್ತಿಸಿದ ದ್ರಾಕ್ಷಿರಸ ಮುಚ್ಚಿದ ಗಾಜಿನ ಬಾಟಲಿಯಲ್ಲಿ ಫ್ರಿಜ್‌ನಲ್ಲಿಟ್ಟರೆ ಕೆಲವು ವಾರ ಬಾಳುತ್ತದೆ. ಇಂಗಿನ ಡಬ್ಬಿಯಿಂದ ತೆಗೆದ ನಾಲ್ಕು ಬೀಜದ ಜಾಗಕ್ಕೆ ಆ ರಾತ್ರಿಯೇ ನಾಲ್ಕು ಹೊಸ ಬೀಜ ಹಾಕಿ ಮುಚ್ಚಳ ಬಿಗಿ ಮಾಡಿ.